ಜಂಬಯ್ಯನವರೂ ಕಾಫಿ ಡಬ್ಬಿಯ ಯಂತ್ರವೂ

ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಾಗಲಿ, ಸಂಡೂರಿನ ಅದಿರು ಕ್ರಷರ್‌ಗಳಲ್ಲಾಗಲಿ, ನಿಂತುಹೋದ ಯಂತ್ರವೊಂದನ್ನು ಮತ್ತೆ ತಿರುಗಿಸಬೇಕಾದಾಗ ನಮ್ಮ ಸೀಮೆಯಲ್ಲಿ ಮೊದಲು ನೆನಪಾಗುವ ಹೆಸರು ಶ್ರೀ ಜಂಬಯ್ಯನವರದು. ಟಿ.ಬಿ. ಡ್ಯಾಂನ ಕಾಲುವೆ ಗೇಟುಗಳಿಗೆ ಗ್ರೀಸು ಹಚ್ಚುವುದರಿಂದ ಆರಂಭಿಸಿ, ಕಂಪ್ಲಿಯ ಗಿರಣಿಯೊಂದರಲ್ಲಿ ಹದಿನೈದು ವರ್ಷ ದುಡಿದು, ಕಡೆಗೆ ನಮ್ಮ ಗಣಿ ಕಂಪನಿಯ ಸಂಡೂರು ವರ್ಕ್‌ಶಾಪಿನ ಫೋರ್‌ಮನ್ ಆದ ಅವರು ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಕೈಗುಣವನ್ನು ಈ ಅಭಿನಂದನಾ ಸಂಪುಟದಲ್ಲಿ ಉಳಿದವರು ಕೊಂಡಾಡಿಯೇ ಇರುತ್ತಾರೆ. ಎಂಟು ವರ್ಷ ಅವರ ಕೈಕೆಳಗೆ ಎಲೆಕ್ಟ್ರಿಷಿಯನ್ ಆಗಿದ್ದ ನಾನು, ಅವರೊಡನೆ ಕೆಲಸ ಮಾಡುವುದು ಎಂಥ ತಲೆಬೇನೆ ಎಂಬುದನ್ನು ವಿನಯಪೂರ್ವಕವಾಗಿ ದಾಖಲಿಸಬಯಸುತ್ತೇನೆ.

೨೦೦೬ರ ಮಾತು. ಅದಿರು ಕೊಳ್ಳಲು ಬಂದ ವಿದೇಶಿಯರೊಬ್ಬರು ನಮ್ಮ ಆಫೀಸಿಗೆ ಒಂದು ಕಾಫಿ ಮಷೀನನ್ನು ಉಡುಗೊರೆ ಕೊಟ್ಟರು. ಒಂದು ಕಪ್ಪಿಗೆ ಸಾಲುವಷ್ಟು ಪುಡಿ ತುಂಬಿದ ಪುಟ್ಟ ಡಬ್ಬಿಯೊಂದನ್ನು ಅದರೊಳಗಿಟ್ಟರೆ ಕಾಫಿ ಇಳಿಯುತ್ತಿತ್ತು. ಡಬ್ಬಿಗಳನ್ನು ಎತ್ತಿಕೊಡುತ್ತಿದ್ದವರು, ಆಫೀಸಿನಲ್ಲಿ ಚಹಾ ಮಾಡುತ್ತಿದ್ದ ದಿನಗೂಲಿಯ ಗಾಳೆಮ್ಮ. ಮ್ಯಾನೇಜರ್ ಈಶ್ವರ್ ಅವರಿಗೆ, ಗುಂಡಿ ಒತ್ತಿದೊಡನೆ ಒಂದೇ ಒಂದು ಡಬ್ಬಿ ತಾನಾಗಿ ಕೆಳಗೆ ಬೀಳುವಂಥ ಯಂತ್ರ ಬೇಕೆನಿಸಿತು. ನಮ್ಮಲ್ಲೇ ಮಾಡಿ ಎಂದು ಜಂಬಯ್ಯನವರಿಗೂ ನನಗೂ ಒಪ್ಪಿಸಿದರು.

ಹದಿನೈದು ದಿನದ ಕೆಲಸವೆಂದುಕೊಂಡಿದ್ದೆ. ಐದು ತಿಂಗಳು ಹಿಡಿಯಿತು. ಪಿವಿಸಿ ಪೈಪಿನಲ್ಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ, ತಳದ ತಗಡನ್ನು ಲಾರಿಯ ವೈಪರ್ ಮೋಟರಿನಿಂದ ಸರಿಸಿದೆವು. ಅಂಚಿಗೆ ಅಂಚು ಸಿಕ್ಕಿಕೊಂಡು ಎರಡೆರಡು ಬಿದ್ದವು. ಅದನ್ನು ಸರಿಪಡಿಸಿದರೆ ಒಂದೂ ಬೀಳಲಿಲ್ಲ. ಕಿಟಕಿ ಮುಚ್ಚಿದರೂ ಒಳಬರುವ ಅದಿರಿನ ಕೆಂಪು ಧೂಳು ತಗಡಿನಡಿ ಸೇರಿ ಯಂತ್ರ ಕಿರುಗುಟ್ಟತೊಡಗಿತು. ನೂರಕ್ಕೆ ತೊಂಬತ್ತು ಸಲ ಸರಿಯಾಗಿ ನಡೆದ ದಿನ ನಾನು ಕೈ ಮುಗಿದು, ಇಷ್ಟು ಸಾಕೆಂದೆ. ಅವರು ಸ್ಪ್ಯಾನರ್ ಎತ್ತಿಕೊಂಡು, “ತೊಂಬತ್ತು ಸಲ ಬಿದ್ರ ಅದು ಮಷೀನಲ್ರಿ ತಿಪ್ಪೇಶ್, ಜೂಜು. ಬಿಚ್ರಿ,” ಎಂದರು. ಹೀಗೆ ಹನ್ನೊಂದು ಬಾರಿ ಬಿಚ್ಚಿದೆವು. ಹನ್ನೊಂದೂ ಬಾರಿ ವೈರುಗಳನ್ನು ಮತ್ತೆ ಜೋಡಿಸಿದವನು ನಾನು.

ಕೊನೆಗೆ, ಎಂಟು ಪೈಪುಗಳು ಸರದಿಯಂತೆ ತಿರುಗುವ ಒಂದು ಚಕ್ರವನ್ನು ಅವರು ಕಡೆದರು. ಒಮ್ಮೆ ತುಂಬಿದರೆ ವಾರಕ್ಕಾಗುತ್ತಿತ್ತು. ನೂರು ಸಲ ಗುಂಡಿ ಒತ್ತಿದೆ, ನೂರು ಡಬ್ಬಿ ಬಿದ್ದವು. ಅಂಥ ಸುಂದರವಾದ ಕೆಲಸವನ್ನು ನಾನು ಆಮೇಲೆ ಕಂಡಿಲ್ಲ. ಈಶ್ವರ್ ಅವರು ನೋಡಿ ಸಂತೋಷಪಟ್ಟು, ಬರುವ ಒಂದನೇ ತಾರೀಖಿನಿಂದ ಬರಬೇಕಾಗಿಲ್ಲವೆಂದು ಗಾಳೆಮ್ಮನವರಿಗೆ ಅಲ್ಲೇ ಹೇಳಿದರು. ಆಕೆ ತೊಳೆದಿಟ್ಟಿದ್ದ ಕಪ್ಪುಗಳನ್ನೇ ಮತ್ತೊಮ್ಮೆ ತೊಳೆಯತೊಡಗಿದರು. ನನ್ನ ಯಂತ್ರದ ಖುಷಿಯಲ್ಲಿ ನಾನದನ್ನು ಸರಿಯಾಗಿ ಗಮನಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಬಂದರೆ ಚಕ್ರವೇ ಇಲ್ಲ. ಒಂದೇ ಪೈಪು, ಅದರಲ್ಲಿ ಹತ್ತೇ ಡಬ್ಬಿ. ಮೇಜಿನ ಮೇಲೆ ಜಂಬಯ್ಯನವರು ಸಹಿ ಮಾಡಿದ ವರದಿ: ಧೂಳಿನ ಕಾರಣ ಯಂತ್ರವನ್ನು ಗಂಟೆಗೊಮ್ಮೆ ಒರೆಸಿ ತುಂಬಬೇಕಾಗಿದ್ದು, ಇದಕ್ಕೆ ಪೂರ್ಣಾವಧಿಯ ಆಪರೇಟರ್ ಅಗತ್ಯ, ಐದು ತಿಂಗಳಿಂದ ಇದನ್ನು ಹತ್ತಿರದಿಂದ ನೋಡಿರುವ ಶ್ರೀಮತಿ ಗಾಳೆಮ್ಮ ಯೋಗ್ಯರು. ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಈಶ್ವರ್ ಅವರು ಒಳಬಂದು, ವರದಿಯನ್ನು ಓದಿ, ಜಂಬಯ್ಯನವರನ್ನು ಬಿಟ್ಟು ನನ್ನತ್ತ ತಿರುಗಿದರು.

“ನಿನ್ನೆ ನಾನೇ ನೋಡೀನಿ, ಮಸ್ತ್ ನಡೀತಿತ್ತು. ನೀವು ಹೇಳ್ರಿ, ಇದಕ್ಕ ಆಪರೇಟರ್ ಬೇಕೇನು?”

ಬಾಗಿಲ ಬಳಿ ಗಾಳೆಮ್ಮ ನಿಂತಿದ್ದರು. ಜಂಬಯ್ಯನವರು ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದರೇ ಹೊರತು ನನ್ನ ಮುಖವನ್ನೂ ನೋಡಲಿಲ್ಲ.

“ಬೇಕ್ರಿ ಸಾರ್,” ಎಂದೆ. “ಧೂಳು ಭಾಳ ಐತ್ರಿ.”

ಗಾಳೆಮ್ಮ ಆಪರೇಟರ್ ಆದರು. ದಿನಗೂಲಿ ಹೋಗಿ ತಿಂಗಳ ಸಂಬಳವಾಯಿತು. ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ನಾನು ಒಂದು ತಿಂಗಳು ಜಂಬಯ್ಯನವರೊಡನೆ ಮಾತು ಬಿಟ್ಟಿದ್ದೆ. ಅವರದನ್ನು ಗಮನಿಸಿದಂತೆ ಕಾಣಲಿಲ್ಲ. ಕಡೆಗೆ ನಾನೇ ಸೋತು, ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಕೇಳಿದೆ.

“ಹೇಳಿದ್ರ ನೀವು ಬ್ಯಾಡ ಅಂತಿದ್ರಿ,” ಎಂದರು. “ಆಕಿ ಮುಂದ ನಿಂತಾಗ ಬ್ಯಾಡ ಅನ್ನಾಂಗಿಲ್ಲ ಅಂತ ಗೊತ್ತಿತ್ರಿ ನನಗ.”

ನನ್ನನ್ನು ಅವರು ಅಷ್ಟು ಸರಿಯಾಗಿ ಅಳೆದಿದ್ದರೆಂಬುದಕ್ಕೆ ಹೆಮ್ಮೆಪಡಬೇಕೋ ಸಿಟ್ಟಾಗಬೇಕೋ ನನಗೆ ಈ ಮೂರು ವರ್ಷದಲ್ಲಿ ತಿಳಿದಿಲ್ಲ. ಆ ಚಕ್ರವನ್ನು ಬಿಚ್ಚಿದ್ದು ತಪ್ಪೆಂದೇ ಯಂತ್ರದ ಮಟ್ಟಿಗೆ ನನ್ನ ವಾದ. ಬಿಚ್ಚದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೆಂಬುದೂ ನಿಜ.

ಮಾನ್ಯರಿಗೆ ಆಯುಷ್ಯ ಆರೋಗ್ಯಗಳು ಧಾರಾಳವಾಗಿ ಒದಗಲಿ. ವಿಶ್ರಾಂತಿ ದೊರೆಯಲಿ ಎಂದು ಹಾರೈಸಿ ಪ್ರಯೋಜನವಿಲ್ಲ. ಕಮಲಾಪುರದ ಮನೆಯ ಹಿಂದೆ ಅವರು ಈಗಾಗಲೇ ಶೆಡ್ ಹಾಕಿಸಿ, ಬಾಳೆನಾರು ತೆಗೆಯುವ ಯಂತ್ರವೊಂದಕ್ಕೆ ಕೈಹಚ್ಚಿದ್ದಾರೆ. ವೈರಿಂಗ್ ಕೆಲಸ ಸ್ವಲ್ಪವೇ ಇದೆಯೆಂದು, ಭಾನುವಾರ ಜಲ್ದಿ ಬರಬೇಕೆಂದು ನನಗೆ ಹೇಳಿ ಕಳಿಸಿದ್ದಾರೆ. ಸ್ವಲ್ಪವೇ ಎಂದರೆ ಎಷ್ಟೆಂದು ನಾನು ಬಲ್ಲೆ. ಮೊದಲ ಬಸ್ಸಿಗೇ ಹೊರಡುತ್ತೇನೆ.