ಉಟ್ಟದ್ದೊಂದು, ಬಿಟ್ಟದ್ದೊಂದು

ಒಬ್ದುಲಿಯಾ ಬೆರೊಕಾಲ್ ಮಹಾ ಹೊಟ್ಟೆಕಿಚ್ಚಿನ ಹೆಂಗಸು ಎಂದು ಮ್ಯಾಡ್ರಿಡ್ಡಿನ ನಮ್ಮ ಲಾವಪಿಯೇಸ್ ಕೇರಿಯಲ್ಲಿ ಹೇಳುವವರಿದ್ದರು. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ನಲವತ್ತಾರು ವರ್ಷದವರೆಗೆ ಅವಳಿಗೆ ಹೊಟ್ಟೆಕಿಚ್ಚು ಪಡಲು ಪುರುಸೊತ್ತೇ ಇರಲಿಲ್ಲ. ಅಂತರ್ಯುದ್ಧ ಅಪ್ಪನನ್ನು ಒಯ್ದಿತು, ಅದರ ಬೆನ್ನಿಗೆ ಬಂದ ಹಸಿವು ಅಮ್ಮನನ್ನು ಒಯ್ದಿತು. ಸನ್ಯಾಸಿನಿಯರ ಅನಾಥಾಲಯದಲ್ಲಿ ಸೂಜಿ ಹಿಡಿದವಳು ಮತ್ತೆ ಕೆಳಗಿಡಲಿಲ್ಲ. ನಾಟಕ ಕಂಪನಿಯೊಂದರ ಬಟ್ಟೆ ಕೋಣೆಯಲ್ಲಿ ಹೊಲಿಯುತ್ತಿದ್ದಾಗ, ಅಲ್ಲೇ ನಟರಿಗೆ ಬಣ್ಣ ಬಳಿಯುತ್ತಿದ್ದ ಸಾತುರಿಯೊನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ನಾಟಕ ಸೊರಗಿ ಸಿನಿಮಾ ಕೊಬ್ಬಿದಾಗ ಇಬ್ಬರೂ ಸಿನಿಮಾಕ್ಕೆ ಬಂದರು. ಮೈಯ ಮೇಲಿನ ಬಟ್ಟೆ ಅವಳದು, ಬಟ್ಟೆಯಾಚೆಗಿನ ಮೈ ಅವನದು. ಈ ಪಾಲಿನಲ್ಲಿ ಇಪ್ಪತ್ತೆರಡು ವರ್ಷ ಜಗಳ ಬಂದಿರಲಿಲ್ಲ.

ಜಗಳ ತಂದದ್ದು ರಕ್ತ ಹೀರುವ ಕೌಂಟೆಸ್. ಎಪ್ಪತ್ತೆರಡರ ಫೆಬ್ರವರಿಯಲ್ಲಿ ನಿರ್ದೇಶಕ ದೋನ್ ಪ್ಲಾಸಿದೊ ಯಾವುದೋ ಹಳೆಯ ಕಾದಂಬರಿಯನ್ನು ಹಿಡಿದು, ಮ್ಯಾಡ್ರಿಡ್ ಆಚೆಯ ಪಾಳು ಕೋಟೆಯೊಂದರಲ್ಲಿ ಪಿಶಾಚಿಯ ಸಿನಿಮಾ ತೆಗೆಯಲು ಹೊರಟರು. ಕೌಂಟೆಸ್ ಆಗಿ ಬಂದವಳು ಬಿರ್ಟೆ ಎಂಬ ಡೆನ್ಮಾರ್ಕಿನ ಹುಡುಗಿ. ಇಪ್ಪತ್ತನಾಲ್ಕು ವರ್ಷ, ಕೆನೆಯಂಥ ಬಣ್ಣ. ಆ ಕಾಲದಲ್ಲಿ ಇಂಥ ಸಿನಿಮಾಗಳ ಮುಖ್ಯ ದೃಶ್ಯವನ್ನೆಲ್ಲ ಎರಡೆರಡು ಸಲ ತೆಗೆಯುತ್ತಿದ್ದರು. ಒಂದು ನಮ್ಮ ದೇಶಕ್ಕೆ, ಕೌಂಟೆಸ್ ಕತ್ತಿನಿಂದ ಕಾಲಿನವರೆಗೆ ನಿಲುವಂಗಿ ತೊಟ್ಟದ್ದು. ಇನ್ನೊಂದು ಹೊರದೇಶಕ್ಕೆ, ಏನೂ ತೊಡದದ್ದು. ಸೆನ್ಸಾರ್ ಮಂಡಳಿಯ ಪಾದ್ರಿಗೆ ಮೊದಲನೆಯದು, ಸಿನಿಮಾಕ್ಕೆ ದುಡ್ಡು ಹಾಕಿದ ಜರ್ಮನಿಯವನಿಗೆ ಎರಡನೆಯದು. ಕೆಲಸಗಾರರ ಬಾಯಲ್ಲಿ ಅವು 'ಉಟ್ಟದ್ದು', 'ಬಿಟ್ಟದ್ದು'.

"ಉಟ್ಟದ್ದು ಮುಗೀತು! ಈಗ ಬಿಟ್ಟದ್ದು! ಕೆಲಸ ಇಲ್ಲದೋರೆಲ್ಲ ಹೊರಗೆ!" ಎಂದು ದೋನ್ ಪ್ಲಾಸಿದೊ ಕೂಗಿದರೆ ಮೊದಲು ಹೊರಬೀಳಬೇಕಾದವಳು ಒಬ್ದುಲಿಯಾ.

"ನಾನ್ಯಾಕೆ ಹೋಗ್ಬೇಕು, ದೋನ್ ಪ್ಲಾಸಿದೊ?" ಎಂದು ಅವಳು ಒಮ್ಮೆ ಕೇಳಿಯೂ ಕೇಳಿದಳು.

"ಬಟ್ಟೇನೇ ಇಲ್ಲದ ಮೇಲೆ ದರ್ಜಿಗೇನಮ್ಮ ಕೆಲಸ?"

"ಮತ್ತೆ ನನ್ನ ಗಂಡ?"

"ರಕ್ತ ಇರುತ್ತಲ್ಲ! ರಕ್ತ ಯಾರು ಹಚ್ತಾರೆ, ನಿಮ್ಮತ್ತೆನಾ?"

ಎಲ್ಲರೂ ನಕ್ಕರು. ಸಾತುರಿಯೊ ಮಾತ್ರ ಬಗ್ಗಿ ಜೇನಿಗೆ ಕೆಂಪು ಬಣ್ಣ ಕಲಸುತ್ತಿದ್ದ. ಬಾಗಿಲು ಮುಚ್ಚಿತು. ಇಪ್ಪತ್ತೆಂಟು ದಿನ ಹಾಗೆಯೇ ಮುಚ್ಚಿತು. ಹೊರಗಿನ ಅಂಗಳದಲ್ಲಿ ಕಲ್ಲಿನ ಮೇಲೆ ಕೂತ ಒಬ್ದುಲಿಯಾ, ಆ ಹುಡುಗಿಯ ನಿಲುವಂಗಿಯನ್ನು ಮಡಿಲಲ್ಲಿಟ್ಟುಕೊಂಡು, ಗಂಡನ ಬೆರಳು ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಕತ್ತಿನಲ್ಲಿ. ಈಗ ಭುಜದಲ್ಲಿ. ಈಗ... ನಿಲುವಂಗಿಯ ಕತ್ತಿನ ಪಟ್ಟಿಯನ್ನು ದಿನಕ್ಕಿಷ್ಟು ಬಿಗಿ ಮಾಡುತ್ತ ಬಂದಳು. ಕೊನೆಯ ವಾರ ಕೌಂಟೆಸ್‌ಗೆ ಬಾಯಿ ತೆರೆದು ಕಚ್ಚುವುದೇ ಕಷ್ಟವಾಯಿತು.

ಸಿನಿಮಾ ಮುಗಿಯಿತು, ಬಿರ್ಟೆ ವಿಮಾನ ಹತ್ತಿದಳು, ಒಬ್ದುಲಿಯಾಳ ಉರಿ ಮಾತ್ರ ಆರಲಿಲ್ಲ. ಉಟ್ಟದ್ದನ್ನು ಇಲ್ಲಿಯ ಥಿಯೇಟರಿನಲ್ಲಿ ಎರಡು ಸಲ ನೋಡಿದಳು. ಅದರಲ್ಲಿ ಕಂಡದ್ದೆಲ್ಲ ಅವಳದೇ ಹೊಲಿಗೆ. ಬಾಗಿಲ ಹಿಂದೆ ಏನು ನಡೆಯಿತು ಎಂಬುದು ಬಿಟ್ಟದ್ದರಲ್ಲಿತ್ತು, ಬಿಟ್ಟದ್ದು ಗಡಿಯಾಚೆ ಪೆರ್ಪಿನ್ಯಾನ್ ಊರಿನಲ್ಲಿ ಓಡುತ್ತಿತ್ತು. ಅಲ್ಲಿಗೆ ಬಾರ್ಸಿಲೋನದಿಂದ ಬಸ್ಸುಗಟ್ಟಲೆ ಜನ ಹೋಗುತ್ತಿದ್ದರು. ಹಿಂತಿರುಗಿ ಬಂದವರೆಲ್ಲ, ಗಡಿಯಾಚೆಯೇ ಇರುವ, ಕಾಯಿಲೆ ವಾಸಿಮಾಡುವ ಪುಣ್ಯಕ್ಷೇತ್ರ ಲೂರ್ದ್‌ಗೆ ಹೋಗಿ ಮಾತೆಯ ದರ್ಶನ ಮಾಡಿ ಬಂದೆವು ಎನ್ನುತ್ತಿದ್ದರು.

ಆದರೆ ಮದುವೆಯಾದ ಹೆಂಗಸಿಗೆ ಪಾಸ್‌ಪೋರ್ಟ್ ಬೇಕೆಂದರೆ ಗಂಡನ ರುಜು ಬೇಕು, ಕಾನೂನು ಹಾಗಿತ್ತು. ಕಳ್ಳನ ಕೈಯಿಂದಲೇ ಬೀಗದ ಕೈ ಇಸಿದುಕೊಳ್ಳಬೇಕು! ಒಬ್ದುಲಿಯಾ ಲೂರ್ದ್‌ಗೆ ಹೋಗಿಬರುತ್ತೇನೆಂದು ಕಾಗದವನ್ನು ಅವನ ಊಟದ ತಟ್ಟೆಯ ಪಕ್ಕ ಇಟ್ಟಳು.

"ಲೂರ್ದ್‌ಗಾ? ನಿನಗ್ಯಾವ ಕಾಯಿಲೆ ಬಂತೇ?" ಎಂದ ಸಾತುರಿಯೊ.

"ಎದೆ ಉರಿ."

"ಸೋಡಾಪುಡಿ ಕುಡಿ, ಹೋಗುತ್ತೆ."

"ಕುಡಿದೆ. ಹೋಗಲಿಲ್ಲ."

ಅವನು ಓದದೆ ರುಜು ಹಾಕಿದ.

ಬಾರ್ಸಿಲೋನದಲ್ಲಿದ್ದ ದೊಡ್ಡಮ್ಮನ ಮಗಳು ವಿಸಿ ಜೊತೆಗೆ ಬಂದಳು. ಭಾನುವಾರದ ಮಧ್ಯಾಹ್ನದ ಆಟ. ಬಸ್ಸಿನಲ್ಲಿ ಬಂದಿದ್ದ ಗಂಡಸರೆಲ್ಲ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಪೂಜೆಗೆ ಕೂತವರಂತೆ ಕೂತಿದ್ದರು.

"ನೋಡೇ, ನಾಲ್ಕನೇ ಸಾಲಲ್ಲಿ ನಮ್ಮ ಬೀದಿ ಔಷಧಿ ಅಂಗಡಿಯೋನು, ಹೆಂಡ್ತೀನೂ ಕರ್ಕೊಂಡು ಬಂದಿದ್ದಾನೆ," ಎಂದಳು ವಿಸಿ. "ಕಣ್ಣು ಮುಚ್ಕೊಂಡು ಜಪಮಣಿ ಎಣಿಸ್ತಿದ್ದಾಳೆ, ಪಾಪ."

ಕೌಂಟೆಸ್ ಬಂದಳು. ಬಿಟ್ಟದ್ದೇ. ಒಬ್ದುಲಿಯಾ ಕುರ್ಚಿಯ ಕೈ ಹಿಡಿದು, ಕಣ್ಣು ಮಿಟುಕಿಸದೆ ನೋಡಿದಳು. ಕತ್ತಿನಲ್ಲಿ ಎರಡು ಹನಿ, ಎದೆಯ ಮೇಲೆ ಒಂದು ಗೆರೆ. ಗಂಡನ ಕೈಗೆಲಸ ಅವಳಿಗೆ ಗೊತ್ತು. ಅವಸರದಲ್ಲಿ, ಬೇಲಿಗೆ ಬಣ್ಣ ಹೊಡೆದ ಹಾಗೆ, ಬ್ರಶ್ಶಿನಿಂದ ಎಳೆದು ಬಿಟ್ಟ ಗೆರೆ ಅದು. ಆಸೆಯಿಟ್ಟು ಬರೆದ ಗೆರೆಯಲ್ಲ. ಇಷ್ಟೇನಾ, ಎಂದುಕೊಂಡಳು. ವರ್ಷದಿಂದ ಹೊತ್ತಿದ್ದ ಭಾರ ಇಳಿದು ಉಸಿರು ಸರಾಗವಾಯಿತು. ವಿಸಿಯ ಕೈಯಿಂದ ಕಡಲೆಬೀಜ ಇಸಿದುಕೊಂಡು ತಿಂದಳು ಕೂಡ.

ಆಗ ಕೌಂಟೆಸ್ ಶವಪೆಟ್ಟಿಗೆಯಿಂದ ಎದ್ದಳು. ಕ್ಯಾಮೆರಾ ಒಂದಿಷ್ಟು ಜಾಸ್ತಿಯೇ ಹಿಂದೆ ಸರಿಯಿತು. ನೂರು ವರ್ಷ ಸತ್ತು ಮಲಗಿದ್ದ ಕೌಂಟೆಸ್‌ಳ ಕಾಲಲ್ಲಿ ಉಣ್ಣೆಯ ಕಾಲುಚೀಲ!

ಥಿಯೇಟರಿಗೆ ಥಿಯೇಟರೇ ನಕ್ಕಿತು. ಜಪಮಣಿಯವಳೂ ಕಣ್ಣು ತೆರೆದು ನಕ್ಕಳು. ಉಟ್ಟದ್ದರಲ್ಲಿ ನಿಲುವಂಗಿ ಪಾದ ಮುಚ್ಚಿತ್ತು. ಬಿಟ್ಟದ್ದರಲ್ಲಿ ಇಂಥದ್ದನ್ನು ಹಿಡಿದು 'ನಿಲ್ಲಿಸಿ' ಎನ್ನಬೇಕಾದ ಒಂದೇ ಒಂದು ಕಣ್ಣನ್ನು ಅಂಗಳಕ್ಕೆ ಅಟ್ಟಿದ್ದರು. ಒಬ್ದುಲಿಯಾ ನಗಲಿಲ್ಲ. ಬೂದು ಬಣ್ಣದ ಕಾಲುಚೀಲ, ಬೂದು ಉಣ್ಣೆ ಸಾಲದೆ ಹಿಮ್ಮಡಿಗೆ ಕಂದುಗೆಂಪು. ಸಿನಿಮಾ ತೆಗೆಯುವ ಮುಂಚಿನ ಕ್ರಿಸ್‌ಮಸ್‌ಗೆ ಗಂಡನಿಗೆಂದು ಅವಳೇ ಹೆಣೆದದ್ದು. ಕೋಟೆಯಲ್ಲಿ ಎಲ್ಲೋ ಕಳೆದುಹೋಯಿತು ಎಂದು ಅವನು ಹೇಳಿದ್ದ.

ಮಂಗಳವಾರ ಮಧ್ಯಾಹ್ನ ಮನೆ ಮುಟ್ಟಿದಾಗ ಸಾತುರಿಯೊ ಬೇಳೆಯ ಸಾರಿಗೆ ಬ್ರೆಡ್ಡು ಅದ್ದಿಕೊಂಡು ಊಟ ಮಾಡುತ್ತಿದ್ದ.

"ಬಂದ್ಯಾ? ಪವಾಡ ಏನಾದ್ರೂ ಆಯ್ತಾ?"

"ಆಯ್ತು. ಕಳೆದುಹೋಗಿದ್ದ ನಿನ್ನ ಕಾಲುಚೀಲ ಸಿಕ್ತು."

ಅವನ ಕೈಯ ಬ್ರೆಡ್ಡು ಸಾರಿಗೆ ಬಿತ್ತು. "ಪೆರ್ಪಿನ್ಯಾನ್‌ಗೆ ಹೋಗಿದ್ಯಾ?"

ಒಬ್ದುಲಿಯಾ ಕೋಟನ್ನೂ ಬಿಚ್ಚದೆ ಎದುರಿಗೆ ಕೂತಳು.

"ದೇವರಾಣೆ, ನಾನು ಅವಳನ್ನ ಅಂಥ ರೀತೀಲಿ ಮುಟ್ಟಿಲ್ಲ. ರಕ್ತ ಹಚ್ಚಿದ್ದಷ್ಟೇ," ಎಂದ ಸಾತುರಿಯೊ.

"ಗೊತ್ತು. ಮುಟ್ಟಿದ್ರೆ ಒಳ್ಳೇದಿತ್ತು. ನಾಲ್ಕು ತಟ್ಟೆ ಒಡೆದು, ಪಾದ್ರಿಗೆ ಹೇಳಿ, ಮರ್ತುಬಿಡ್ತಿದ್ದೆ."

"ಮತ್ತೇನೇ ನಿನ್ನ ಕಷ್ಟ? ಕಲ್ಲಿನ ನೆಲ, ಅವಳ ಕಾಲು ನೀಲಿ ಆಗಿಬಿಟ್ಟಿತ್ತು. ಅದಕ್ಕೇ ತೊಡಿಸಿದೆ. ತಪ್ಪಾ?"

"ನಾನೆಲ್ಲಿದ್ದೆ ಆಗ?"

"ಹೊರಗೆ."

"ಹೊರಗೆ ಏನಿತ್ತು?"

ಸಾತುರಿಯೊ ಸಾರಿಗೆ ಬಿದ್ದ ಬ್ರೆಡ್ಡನ್ನು ಚಮಚದಿಂದ ಎತ್ತಿದ. "ಹಿಮ," ಎಂದ. ಆಮೇಲೆ ದನಿ ಏರಿಸಿದ: "ಚಳಿ ಆಗುತ್ತೆ ಅಂತ ನೀನು ಒಂದು ಸಲಾನೂ ಬಾಯಿ ಬಿಟ್ಟು ಹೇಳಿಲ್ಲವಲ್ಲೇ!"

"ಅವಳು ಹೇಳಿದ್ಲಾ?" ಎಂದಳು ಒಬ್ದುಲಿಯಾ. "ನಮ್ಮ ಭಾಷೆ ಅವಳಿಗೆ ಒಂದಕ್ಷರ ಬರ್ತಿರಲಿಲ್ಲ."