ಬದುವಿನಾಚೆಯ ಹುಳುಮನೆ

ಬಿಜ್ಜರಗಿಯಲ್ಲಿ ನನ್ನ ದ್ರಾಕ್ಷಿ ತೋಟದ ಬದುವಿನಾಚೆ ನೆರೆಯ ಹೆಣ್ಣುಮಗಳೊಬ್ಬಳ ಹಿಪ್ಪುನೇರಳೆ ತೋಟ. ರೇಷ್ಮೆ ಹುಳು ಸಾಕುತ್ತಿದ್ದಳು. ಯಾರೇ ಬಂದರೂ ಹುಳುಮನೆಯ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. "ಕೈ ತೊಳಕೊಂಡು ಬರ್ರಿ, ಕೂಸುಗಳು ಉಣ್ಣಾಕತ್ತಾವ." ತಂಬಾಕು ತಿನ್ನುವ ನನಗಂತೂ, "ಕಾಕಾ, ನೀವು ಹೊರಗೇ ನಿಂದರ್ರಿ. ನಿಮ್ಮ ವಾಸನಿಗೇ ಅರ್ಧ ಸಾಯ್ತಾವ" ಎಂದು ನಗುತ್ತಿದ್ದಳು.

ದ್ರಾಕ್ಷಿಗೆ ಔಷಧ ಹೊಡೆಯುವ ಮುನ್ನಾದಿನ ನಾನು ಬದುವಿನಿಂದ ಕೂಗಿ ಹೇಳಬೇಕು, ಆಕೆ ಸೊಪ್ಪು ಮೊದಲೇ ಕೊಯ್ದಿಟ್ಟುಕೊಳ್ಳಬೇಕು. ನಮ್ಮಿಬ್ಬರಲ್ಲಿ ಹಾಗೆ ಮಾತಾಗಿತ್ತು. ಒಂದು ದಿನ ಮೋಡ ಕವಿಯಿತೆಂದು ಅವಸರಪಟ್ಟು ಹೇಳದೆಯೇ ಹೊಡೆದುಬಿಟ್ಟೆ. ಗಾಳಿ ಆಕೆಯ ತೋಟದ ಕಡೆಗಿತ್ತು. ಸಂಜೆ ಕುಡುಗೋಲು ಹಿಡಿದು ಬಂದವಳು ಎಲೆಯೊಂದನ್ನು ಮೂಸಿ ಕೇಳಿದಳು: "ಔಷಧ ಹೊಡದ್ರೇನ್ರಿ ಕಾಕಾ?"

ಮಾತು ತಪ್ಪಿದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. "ಇಲ್ಲವ್ವಾ, ನಿನಗ ಹೇಳದ ಹೊಡೀತೇನೇನು?" ಅಂದೆ. ಆಕೆ ಸೊಪ್ಪು ಕೊಯ್ದು ಹುಳುಗಳಿಗೆ ಹಾಕಿದಳು.

ಗೂಡು ಕಟ್ಟಲು ನಾಲ್ಕೇ ದಿನ ಉಳಿದಿತ್ತು. ಮರುದಿನ ಹುಳುಗಳೆಲ್ಲ ಹಸಿರು ನೀರು ಕಾರಿ ಸತ್ತವು. ಆಕೆ ತನ್ನ ಅಂಗೈ ನೋಡಿಕೊಳ್ಳುತ್ತ, "ನಾನೇ ಕೈ ಸರಿ ತೊಳಕೊಂಡಿದ್ದಿಲ್ಲೇನೋ, ಕಾಕಾ" ಅಂದಳು. ಔಷಧ ಹೊಡೆದದ್ದನ್ನು ನಾನು ಆಗಲೂ ಹೇಳಲಿಲ್ಲ.

ಮುಂದೆ ಒಂದು ಸಲವೂ ಕೂಗಿ ಹೇಳುವುದನ್ನು ತಪ್ಪಿಸಲಿಲ್ಲ. ಆಕೆಯೂ ನನ್ನ ಮಾತನ್ನು ಎಂದಿನಂತೆ ನಂಬಿದಳು. ಆದರೆ ತೀರಿಕೊಳ್ಳುವ ವರ್ಷದ ಕೊನೆಯ ಬೆಳೆಯವರೆಗೂ, ಹುಳುಮನೆಯ ಬಾಗಿಲಲ್ಲಿ ಆಕೆ ಕೈ ತೊಳೆಯುತ್ತಿದ್ದಳು, ಮೂಸಿ ನೋಡುತ್ತಿದ್ದಳು, ಮತ್ತೊಮ್ಮೆ ತೊಳೆಯುತ್ತಿದ್ದಳು.