ಆಯಿ ಹತ್ತದ ಗಾಡಿ

ರೈಲು ಹಳಿಯ ಕೆಳಗಿನ ಹಳೆಯ ಕಟ್ಟಿಗೆ ಉರಿದರೆ ಡಾಂಬರು, ಎಣ್ಣೆ ಕೂಡಿದ ಒಂದು ವಾಸನೆ ಏಳುತ್ತದೆ. ಹೋದ ವಾರ ಅನಗೋಳದ ಚಹಾದಂಗಡಿಯ ಒಲೆಯಿಂದ ಅದು ಬಂದಾಗ ಕೈಯಲ್ಲಿದ್ದ ಚಹಾ ಕುಡಿಯಲಾಗಲಿಲ್ಲ. ಅಂಗಡಿಯ ಹಿಂದೆಯೇ ನಮ್ಮ ಸಣ್ಣ ಸ್ಟೇಷನ್ನು. ಈಗ ಅಲ್ಲಿ ಯಾವ ಗಾಡಿಯೂ ನಿಲ್ಲುವುದಿಲ್ಲ. ಟಿಕೆಟ್ ಕಿಟಕಿಯೊಳಗೆ ಜಾಲಿ ಬೆಳೆದಿದೆ. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು, ವಡಗಾವಿಯ ನೇಕಾರರು ಸೀರೆಯ ಗಂಟು ಏರಿಸುತ್ತಿದ್ದದ್ದು, ಖಾನಾಪುರದ ಹೆಂಗಸರು ಮೊಸರಿನ ಗಡಿಗೆ ಇಳಿಸುತ್ತಿದ್ದದ್ದು ಇಲ್ಲೇ.

ಸ್ಟೇಷನ್ನಿನ ಎದುರಿನ ಹಂಚಿನ ಮನೆಯಲ್ಲಿ ನಾವು ಮೂವರಿದ್ದೆವು: ಮಗ್ಗ ನೇಯುವ ಅಪ್ಪ, ನಾನು, ಅಪ್ಪನ ತಾಯಿಯಾದ ನನ್ನ ಆಯಿ. ಆಯಿಯ ಕಣ್ಣು ಹೋಗಿದ್ದವು, ನಡೆಯಲೂ ಆಗುತ್ತಿರಲಿಲ್ಲ. ಅವಳ ತಂಗಿ ಗಂಗವ್ವ ಖಾನಾಪುರದಲ್ಲಿ ಹಾಸಿಗೆ ಹಿಡಿದ ಸುದ್ದಿ ಬಂದಾಗ, ಆಯಿಯನ್ನು ಬೆನ್ನ ಮೇಲೆ ಹೊತ್ತು ಮುಂಜಾನೆಯ ಗಾಡಿಗೆ ಕರೆದೊಯ್ಯಲು ಅಪ್ಪ ನನಗೆ ಹೇಳಿದ. ಆ ಗಾಡಿಗೆ ನನ್ನ ಹೈಸ್ಕೂಲಿನ ಹುಡುಗರೂ ಬರುತ್ತಿದ್ದರು. ಹಿಂದೊಮ್ಮೆ ಆಯಿಯನ್ನು ದವಾಖಾನೆಗೆ ಹೊತ್ತೊಯ್ದಾಗ, “ಏನಲೇ ಹಮಾಲ, ಮುದುಕಿ ಎಷ್ಟ ಕಿಲೋ?” ಎಂದು ನಕ್ಕಿದ್ದರು. ಹಾಗಾಗಿ ಆಯಿಗೆ, ಗಾಡಿ ಇಲ್ಲಿ ನಿಲ್ಲುವುದು ಬಂದ್ ಆಗಿದೆ ಎಂದೆ. ಅಪ್ಪನಿಗೆ, ಆಯಿಯೇ ಒಲ್ಲೆ ಎಂದಳು ಎಂದೆ. ಅಪ್ಪ ಸಿಟ್ಟಾಗಿ ಆ ಮಾತನ್ನೇ ಬಿಟ್ಟ.

ಮರುದಿನ ಗಾಡಿ ಬಂದು ನಿಂತಿತು, ಮಂದಿ ಇಳಿದ ಗದ್ದಲ ಮನೆಯೊಳಗೆ ತುಂಬಿತು. ಆಯಿ ತಲೆ ಬಾಚಿಕೊಂಡು ಹೊಸ್ತಿಲಲ್ಲಿ ಕುಳಿತಿದ್ದಳು.

“ತಮ್ಮಾ, ಗಾಡಿ ನಿಂತಂಗಾತಲ್ಲೋ?”

“ಮಾಲ್‌ಗಾಡಿ ಐತಿ, ಸುಮ್ನ ಕುಂದ್ರು. ನಿನ್ನ ಹೇರಾಕ ನೀ ಏನ ಅಕ್ಕಿ ಚೀಲ ಏನ?”

ನನ್ನ ಮಾತಿಗೆ ನಾನೇ ನಕ್ಕೆ. ಅವಳು ಮತ್ತೆ ಕೇಳಲಿಲ್ಲ. ಆ ದಿನದಿಂದ ತಲೆ ಬಾಚುವುದನ್ನೂ ಬಿಟ್ಟಳು.

ಹದಿನೈದು ದಿನಕ್ಕೆ ಗಂಗವ್ವ ತೀರಿಕೊಂಡಳು. ಅಕ್ಕ ಬಂದಳೇನು ಎಂದು ಕಡೆಯ ತನಕ ಬಾಗಿಲು ನೋಡುತ್ತಿದ್ದಳಂತೆ. ಸುದ್ದಿ ತಂದವನು, ಈಗಿನ ಗಾಡಿಗೇ ಇಲ್ಲಿ ಇಳಿದೆ ಎಂದ. ಆಯಿಯ ಅಳು ಒಮ್ಮೆಲೇ ನಿಂತಿತು. ನಾನಿದ್ದ ಕಡೆಗೆ ಮುಖ ತಿರುಗಿಸಿದಳು.

“ಕಳಸ್ತೀನಿ ಅಂದ್ರ ನೀನ ಒಲ್ಲೆ ಅಂದಿ. ಈಗ ಅತ್ತರೇನ ಬಂತು ಯವ್ವಾ?” ಎಂದ ಅಪ್ಪ.

ನಾನು ಬಾಗಿಲ ಕಡೆಗೆ ಸರಿದೆ.

“ಹೌದಪಾ,” ಎಂದಳು ಆಯಿ. “ನನಗ ಮನಸಾಗ್ಲಿಲ್ಲ.”

ಸ್ಟೇಷನ್ನು ಆಮೇಲೆ ಖರೇನೇ ಮುಚ್ಚಿತು. ಮನೆ ಬಿತ್ತು, ಅಪ್ಪ, ಆಯಿ ಇಬ್ಬರೂ ತೀರಿಹೋದರು. ಆದರೆ ಗಂಗವ್ವ ಹೋದ ಮೇಲೆ ಆಯಿ ಇನ್ನೂ ಎರಡು ವರ್ಷ ಬದುಕಿದ್ದಳು. ಅವಳ ತಾಟಿಗೆ ರೊಟ್ಟಿ ಹಾಕುವಾಗೆಲ್ಲ ಅಪ್ಪ, “ಒಡಹುಟ್ಟಿದಾಕಿ ಮಾರಿ ನೋಡದಾಕಿ” ಎನ್ನುತ್ತಿದ್ದ. ಆಯಿ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ನಾನು ಅವಳ ಬಾಜೂ ಕುಳಿತು ಹೊಟ್ಟೆ ತುಂಬ ಉಣ್ಣುತ್ತಿದ್ದೆ.